ಒಂದೂಕಾಲು ಸುತ್ತು

ಅನುಮಾನ ಪಡುವುದಕ್ಕೆಂದೇ ಸರ್ಕಾರ ಕೊಟ್ರಪ್ಪನವರಿಗೆ ಮೂವತ್ತು ವರ್ಷ ಸಂಬಳ ಕೊಟ್ಟಿತ್ತು. ಕಡಲ ತಡಿಯ ನೌಕಾ ಯಾರ್ಡಿಗೆ ಫಿಟ್ಟರ್ ಅಪ್ರೆಂಟಿಸ್ ಆಗಿ ಸೇರಿದವರು ಚಾರ್ಜ್‌ಮನ್ ಆದರು, ಫೋರ್‌ಮನ್ ಆದರು, ಕೊನೆಗೆ ಯಾರ್ಡಿನ ಕ್ರೇನು, ಕಂಪ್ರೆಸರು, ಪಂಪು ಎಲ್ಲವನ್ನೂ ನೋಡಿಕೊಳ್ಳುವ ವಿಭಾಗಕ್ಕೇ ಮುಖ್ಯಸ್ಥರಾಗಿ ನಿವೃತ್ತರಾದರು. ಹಡಗು ರಿಪೇರಿ ಮಾಡುವವರ ಫೋಟೋ ಪೇಪರಿನಲ್ಲಿ ಬರುತ್ತದೆ. ಆ ಹಡಗು ರಿಪೇರಿಗೆ ಬೇಕಾದ ಯಂತ್ರಗಳನ್ನು ರಿಪೇರಿ ಮಾಡುವವನು ಏನು ಕೆಲಸ ಮಾಡುತ್ತಾನೆಂದು ಅವನ ಹೆಂಡತಿಗೂ ಬಿಡಿಸಿ ಹೇಳಲು ಬರುವುದಿಲ್ಲ. ಆ ಕೆಲಸದಲ್ಲಿ ಬಾಳಬೇಕಾದರೆ ಯಾರ ಮಾತನ್ನೂ ನಂಬಬಾರದು. 'ಕರೆಂಟ್ ತೆಗೆದಿದ್ದೇನೆ ಸಾರ್' ಎಂದವನನ್ನು ನಂಬಿ ಕೈ ಹಾಕಿದವರ ಬೆರಳುಗಳನ್ನು ಕೊಟ್ರಪ್ಪನವರು ಕಂಡಿದ್ದರು, ಕೈಯಿಂದ ಬೇರೆಯಾಗಿ.

ಒಮ್ಮೆ ಯಾರ್ಡಿನಲ್ಲಿ ಯಾರೋ ಪುಣ್ಯಾತ್ಮ ಕ್ರೇನಿನ ಬೇರಿಂಗಿಗೆ ಗ್ರೀಸಿನ ಜೊತೆ ಎಮರಿ ಪುಡಿ ತುಂಬಿದ್ದ. ತುಕ್ಕು ಉಜ್ಜುವ ಕಾಗದದ ಮೇಲಿರುತ್ತದಲ್ಲ, ಅದೇ ಪುಡಿ. ಬೇರಿಂಗು ತನ್ನನ್ನು ತಾನೇ ತಿಂದುಕೊಂಡು ಸತ್ತಿತು. ಮಾಡಿದವನು ಯಾರೆಂದು ಕೊನೆಗೂ ಗೊತ್ತಾಗಲಿಲ್ಲ. ಅಂದಿನಿಂದ ಕೊಟ್ರಪ್ಪನವರು ಕೈಕೆಳಗಿನ ಪ್ರತಿಯೊಬ್ಬನನ್ನೂ 'ಇವನೇ ಇರಬಹುದು' ಎಂದು ನೋಡುತ್ತ ಬಂದರು. ಹಾಗೆ ನೋಡಿದರೆ ಎಲ್ಲರೂ ಹಾಗೇ ಕಾಣುತ್ತಾರೆ. ಕಾಮಾಲೆ ಕಣ್ಣಿಗೆ ಲೋಕವೇ ಹಳದಿ.

ನಿವೃತ್ತಿಯ ಮೇಲೆ ಪೀಣ್ಯದ ಒಂದು ವರ್ಕ್‌ಶಾಪು ಅವರನ್ನು ಕರೆದು ರಿಪೇರಿ ವಿಭಾಗದ ಹೊಣೆ ಕೊಟ್ಟಿತು. ದಾಸರಹಳ್ಳಿಯಲ್ಲಿ ಮನೆ ಮಾಡಿದರು. ಇಲ್ಲಿ ಅವರಿಗೆ ಸಿಕ್ಕವನು ಯಮನೂರ. ಕುಷ್ಟಗಿ ಕಡೆಯವನು, ಮೂವತ್ತರ ಆಚೀಚೆ ವಯಸ್ಸು, ಹೆಂಡತಿ ನೀಲಾಂಬಿಕಾಳೊಂದಿಗೆ ಮಾಕಳಿಯಲ್ಲಿ ಬಾಡಿಗೆ ರೂಮಿನಲ್ಲಿದ್ದ. ಮಾತು ಕಡಿಮೆ, ಕೈ ಚುರುಕು. ಕೊಟ್ರಪ್ಪನವರು ತಮಗೆ ಗೊತ್ತಿದ್ದದ್ದನ್ನೆಲ್ಲ ಅವನಿಗೆ ಧಾರೆ ಎರೆದರು. ಅದರಲ್ಲಿ ಎರಡು ಪಾಠಗಳನ್ನು ದಿನಾ ಬಾಯಿಪಾಠ ಒಪ್ಪಿಸಿದ ಹಾಗೆ ಹೇಳುತ್ತಿದ್ದರು. ಬಿಚ್ಚಿ ನೋಡದೆ ಯಾವ ಯಂತ್ರವನ್ನೂ ಕೆಟ್ಟಿದೆ ಅನ್ನಬೇಡ ಎಂಬುದು ಒಂದು. ಇನ್ನೊಂದು, ನಿಂತ ಯಂತ್ರಕ್ಕೆ ದಿನಕ್ಕೊಮ್ಮೆ ಒಂದೂಕಾಲು ಸುತ್ತು. ಯಂತ್ರದೊಳಗೆ ತಿರುಗುವ ಭಾರದ ದಂಡ, ಅಂದರೆ ಶಾಫ್ಟು, ಒಂದೇ ಮಗ್ಗುಲಲ್ಲಿ ಮಲಗಿದ್ದರೆ ಬಾಗುತ್ತದೆ, ಅದನ್ನು ಹೊತ್ತ ಬೇರಿಂಗಿಗೆ ಗುಳಿ ಬೀಳುತ್ತದೆ. ಅದಕ್ಕೇ ಯಾರ್ಡಿನವರು ನಿಂತ ಯಂತ್ರವನ್ನು ಕೈಯಲ್ಲಿ ಒಂದು ಸುತ್ತು ತಿರುವಿ, ಮೇಲೆ ಕಾಲು ಸುತ್ತು ಸೇರಿಸಿ ಬಿಡುತ್ತಾರೆ. ನಿನ್ನೆ ಕೆಳಗಿದ್ದ ಮಗ್ಗುಲು ಇವತ್ತು ಕೆಳಗಿರಬಾರದು ಎಂಬುದು ಲೆಕ್ಕ.

ಶನಿವಾರ ಸಂಜೆ ಯಮನೂರನನ್ನು ಮನೆಗೆ ಕರೆದೊಯ್ದು ಜೋಳದ ರೊಟ್ಟಿ ಉಣ್ಣಿಸುವಷ್ಟು ಸಲುಗೆ ಬೆಳೆದಿತ್ತು. ತಮ್ಮ ಅವಧಿ ಮುಗಿಯುವ ಹೊತ್ತಿಗೆ ಕೊಟ್ರಪ್ಪನವರು ಮಾಲೀಕರ ಮಗ ಹರ್ಷವರ್ಧನನಿಗೆ ಹೇಳಿಯೂಬಿಟ್ಟಿದ್ದರು, ನನ್ನ ಕುರ್ಚಿಗೆ ಯಮನೂರನೇ ಸರಿ ಎಂದು.

"ಸರ್, ಅದು ಸೀನಿಯರ್ ಪೊಸಿಷನ್" ಎಂದು ಹರ್ಷವರ್ಧನ್ ಮುಖ ಹಿಂಡಿದ್ದ. "ಇಂಜಿನಿಯರ್ ಒಬ್ರನ್ನ ತಗೊಳೋಣ ಅಂತಿದ್ದೆ. ಆಯ್ತು, ನೀವು ಗ್ಯಾರಂಟಿ ಕೊಡೋದಾದ್ರೆ ನೋಡೋಣ. ಆ ಪಂಪ್ ಇನ್ಸ್‌ಪೆಕ್ಷನ್ ಪಾಸಾಗ್ಲಿ ಮೊದ್ಲು."

ಆ ಪಂಪು ಬಂದದ್ದು ಒಂದು ಹಡಗುಕಟ್ಟೆಯಿಂದ. ಹಡಗಿನ ತಳ ರಿಪೇರಿ ಮಾಡಬೇಕಾದರೆ ಅದನ್ನು ಒಂದು ದೊಡ್ಡ ತೊಟ್ಟಿಯೊಳಗೆ ತಂದು, ಬಾಗಿಲು ಹಾಕಿ, ನೀರನ್ನೆಲ್ಲ ಹೊರಗೆ ಎಳೆಯುತ್ತಾರೆ. ಹಾಗೆ ಎಳೆಯುವ ಪಂಪು ಅದು. ಯಮನೂರ ಅದಕ್ಕೆ ಹೊಸ ಬೇರಿಂಗು ಕೂಡಿಸಿದ್ದ. ಎಷ್ಟು ನಯವಾಗಿ ಕೂಡಿಸಿದ್ದನೆಂದರೆ, ನಾಲ್ಕು ಜನ ಹೊರುವ ಶಾಫ್ಟು ಒಂದೇ ಕೈಗೆ ತೊಟ್ಟಿಲು ತೂಗಿದಷ್ಟು ಸಲೀಸಾಗಿ ತಿರುಗುತ್ತಿತ್ತು. ಶನಿವಾರ ಕೊನೆಯ ಅಳತೆ ಮುಗಿಯಿತು. ಒಂದು ವಾರ ಬಿಟ್ಟು ಬರುವ ಸೋಮವಾರ ನೌಕಾಪಡೆಯ ಇನ್ಸ್‌ಪೆಕ್ಟರುಗಳು ಬರುವವರೆಗೆ ಪಂಪನ್ನು ಯಾರೂ ಮುಟ್ಟಕೂಡದು, ಅಳತೆ ಕದಲಬಾರದು, ದಿನದ ಸುತ್ತೂ ಬೇಡ ಎಂದು ಕೊಟ್ರಪ್ಪನವರು ಕಟ್ಟಪ್ಪಣೆ ಮಾಡಿದರು. ಶಾಫ್ಟಿನ ತುದಿಯ ಕಪ್ಲಿಂಗ್ ಎಂಬ ದಪ್ಪ ಚಕ್ರದ ನೆತ್ತಿಯ ಮೇಲೆ ಯಾರಾದರೂ ಮುಟ್ಟಿದರೆ ತಿಳಿಯಲೆಂದು ಬಳಪದಲ್ಲಿ ಒಂದು ಗೆರೆ ಎಳೆದು ಹೋದರು. ಭಾನುವಾರದ ರಜೆ ಕಳೆದು ಸೋಮವಾರ ಬೆಳಿಗ್ಗೆ ಬಂದು ನೋಡಿದರೆ ಗೆರೆ ನೆತ್ತಿಯ ಮೇಲಿರಲಿಲ್ಲ. ಕಾಲು ಸುತ್ತು ಆಚೆ, ಮಗ್ಗುಲಿಗೆ ಹೋಗಿ ಕೂತಿತ್ತು.

ಯಾರನ್ನೂ ಕೇಳಲಿಲ್ಲ. ಕೇಳಿದರೆ ಕಳ್ಳ ಎಚ್ಚರವಾಗುತ್ತಾನೆ. ನೆತ್ತಿಯ ಮೇಲೆ ಇನ್ನೊಂದು ಗೆರೆ ಎಳೆದರು. ಮಂಗಳವಾರ ಅದೂ ಮಗ್ಗುಲಿಗೆ ಬಂದಿತ್ತು, ಮತ್ತೆ ಸರಿಯಾಗಿ ಕಾಲು ಸುತ್ತು.

ಕೊಟ್ರಪ್ಪನವರಿಗೆ ಯಾರ್ಡಿನ ಆ ಕ್ರೇನು ನೆನಪಾಯಿತು. ಎಮರಿ ಪುಡಿ ಹಾಕುವವನು ಸುಮ್ಮನೆ ಹಾಕಿ ಹೋಗುವುದಿಲ್ಲ, ಪುಡಿ ಒಳಗೆ ಹರಡಲೆಂದು ಶಾಫ್ಟು ತಿರುವಿಯೇ ಹೋಗುತ್ತಾನೆ. ಬೇರಿಂಗಿನ ಬಾಯಿಂದ ಚಿಟಿಕೆ ಗ್ರೀಸು ತೆಗೆದು ಎರಡು ಬೆರಳ ನಡುವೆ ಉಜ್ಜಿ ನೋಡಿದರು. ಬೆಣ್ಣೆಯ ಹಾಗಿತ್ತು. ಇವತ್ತು ಇಲ್ಲ, ನಾಳೆ ಹಾಕುತ್ತಾನೆ ಎಂದುಕೊಂಡರು. ಅನುಮಾನಕ್ಕೆ ಸಾಕ್ಷಿ ಸಿಕ್ಕಿದರೂ ಸರಿ, ಸಿಗದಿದ್ದರೂ ಸರಿ, ಹೊಟ್ಟೆ ತುಂಬುತ್ತದೆ.

ಕ್ಯಾಮೆರಾಗಳು ಇದ್ದದ್ದು ಗೇಟಿಗೆ ಮತ್ತು ಸ್ಟೋರಿಗೆ ಮಾತ್ರ. ಹಾಗಾಗಿ ಗೇಟಿನ ನಲ್ಲಪ್ಪನನ್ನು ಪಕ್ಕಕ್ಕೆ ಕರೆದರು. ಈ ಕಡೆಯ ಹಳೆಯ ಹಳ್ಳಿಯವನೇ ಆತ. ವರ್ಕ್‌ಶಾಪು ನಿಂತಿರುವ ಜಾಗದಲ್ಲಿ ಒಂದು ಕಾಲಕ್ಕೆ ತನ್ನ ತಾತ ರಾಗಿ ಬೆಳೆಯುತ್ತಿದ್ದ ಎಂದು ಬಂದವರಿಗೆಲ್ಲ ಹೇಳುವ ಮನುಷ್ಯ. ಇವನಿಗೂ ಕಂಪನಿಯ ಮೇಲೆ ಒಂದು ಹಳೆಯ ಸೇಡು ಇರಬಹುದು ಎಂದು ಒಳಗೇ ಗಂಟು ಹಾಕಿಕೊಂಡರೂ, ಬೇರೆ ದಾರಿ ಇರಲಿಲ್ಲ.

"ನಲ್ಲಪ್ಪ, ಇವತ್ತಿಂದ ಪಂಪಿನ ಮೇಲೆ ಒಂದು ಕಣ್ಣಿಡು. ಯಾರು ಹತ್ತಿರ ಹೋದ್ರೂ ನನಗೆ ಹೇಳ್ಬೇಕು."

"ಆಯ್ತು ಸಾ. ಅದುಕ್ಕೇನಂತೆ, ನೋಡ್ಕತೀನಿ."

ಆ ಸಂಜೆ ಹೊಸ ಉಪಾಯ ಮಾಡಿದರು. ಗೆರೆಯನ್ನು ಬೆಳಿಗ್ಗೆ ಬದಲು ಮನೆಗೆ ಹೊರಡುವಾಗ ಎಳೆದರು. ಬಳಪ ಜೇಬಿಗೆ ಹಾಕುತ್ತಿದ್ದ ಹಾಗೆ ಫೋನು ಹೊಡೆದುಕೊಂಡಿತು. ಹೆಂಡತಿ. ದಿನವೂ ಅದೇ ಹೊತ್ತಿಗೆ ಆಕೆಯ ಫೋನು, ಬರುವಾಗ ಏನು ತರಬೇಕೆಂದು. "ಕೊತ್ತಂಬ್ರಿ ಎರಡು ಕಟ್ಟು, ಮತ್ತ ಸೌತಿಕಾಯಿ. ಬಾಡಿದ್ದು ತರಬ್ಯಾಡ್ರಿ, ನಿನ್ನಿ ತಂದದ್ದು ದನಕ್ಕ ಹಾಕೋ ಹಂಗಿತ್ತು." ಸೌತೆಕಾಯಿಯ ವಿಚಾರದಲ್ಲಿ ತಮ್ಮ ತಪ್ಪಿಲ್ಲವೆಂದು ವಾದಿಸುತ್ತಲೇ ಶಾಪಿನ ಕೊನೆಯ ಸುತ್ತು ಮುಗಿಸಿ, ಸ್ಕೂಟರು ಹತ್ತಿ ಹೋದರು.

ಬುಧವಾರ ಬೆಳಿಗ್ಗೆ ಗೆರೆ ಮತ್ತೆ ಕಾಲು ಸುತ್ತು ಸರಿದಿತ್ತು. ನಲ್ಲಪ್ಪ ಕೈ ಕಟ್ಟಿ ನಿಂತು ವರದಿ ಒಪ್ಪಿಸಿದ. "ಒಂದ್ ನರಪಿಳ್ಳೆನೂ ಬಂದಿಲ್ಲ ಸಾ, ನಿಮ್ಮನ್ನ ಬಿಟ್ರೆ."

"ನಿದ್ದೆ ಮಾಡಿದ್ಯಾ?"

"ದೇವ್ರಾಣೆ ಇಲ್ಲ ಸಾ!"

ಇವನೂ ಸೇರಿದ್ದಾನೆ, ಇಲ್ಲವೇ ಇವನ ಕಣ್ಣು ತಪ್ಪಿಸುವಷ್ಟು ಶಾಪಿನ ಮೂಲೆಮೂಲೆ ಬಲ್ಲವನು ಸೇರಿದ್ದಾನೆ. ಎಲ್ಲರನ್ನೂ ಪಂಪಿನ ಸುತ್ತ ನಿಲ್ಲಿಸಿದರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನು ಯಾರೆಂದು ನೋಡುವುದು ಅವರ ಲೆಕ್ಕಾಚಾರ.

"ಈ ಪಂಪನ್ನ ಯಾರೋ ದಿನಾ ತಿರುಗಿಸ್ತಿದ್ದಾರೆ. ಯಾರು ಅಂತ ನನಗೆ ಗೊತ್ತು" ಎಂದು ಸುಳ್ಳು ಹೇಳಿದರು. "ತಾವಾಗೇ ಬಂದು ಒಪ್ಪಿಕೊಂಡ್ರೆ ಒಳ್ಳೇದು."

ಯಾರೂ ಹೆಗಲು ಮುಟ್ಟಿಕೊಳ್ಳಲಿಲ್ಲ. ಆದರೆ ಎಲ್ಲರ ಮುಖದಲ್ಲೂ ಒಂದು ವಿಚಿತ್ರ ಕಳೆ ಬಂದು ಹೋಯಿತು. ಇಬ್ಬರು ಒಬ್ಬರನ್ನೊಬ್ಬರು ನೋಡಿಕೊಂಡರು. ವೆಲ್ಡಿಂಗಿನವನೊಬ್ಬ ಬಾಯಿಗೆ ಕರವಸ್ತ್ರ ಅಡ್ಡ ಹಿಡಿದು ಕೆಮ್ಮಿದ. ಯಮನೂರ ಮಾತ್ರ ಕೊಟ್ರಪ್ಪನವರ ಮುಖವನ್ನೇ ನೋಡುತ್ತಿದ್ದ, ಏನೋ ಹೇಳಬೇಕೆಂಬಂತೆ. ಕೊಟ್ರಪ್ಪನವರು ತಿರುಗಿ ನೋಡಿದೊಡನೆ ಅವನ ಕಣ್ಣು ನೆಲಕ್ಕೆ ಬಿತ್ತು.

ಆ ಬಿದ್ದ ಕಣ್ಣು ಅವರೆದೆಯಲ್ಲಿ ಮುಳ್ಳಿನಂತೆ ಉಳಿಯಿತು. ಮಧ್ಯಾಹ್ನ ಊಟದ ಡಬ್ಬಿ ತೆರೆದವರು ತುತ್ತು ಎತ್ತದೆ ಕೂತುಬಿಟ್ಟರು. ಕಾಲು ಸುತ್ತು! ಸಿಕ್ಕಸಿಕ್ಕ ಹಾಗೆ ತಿರುವಿದ್ದರೆ ಗೆರೆ ಎಲ್ಲಾದರೂ ನಿಲ್ಲಬೇಕಿತ್ತು. ಪ್ರತಿದಿನ ಸರಿಯಾಗಿ ಕಾಲು ಸುತ್ತಿಗೆ ಬಂದು ನಿಲ್ಲಬೇಕಾದರೆ ತಿರುವಿದ ಕೈಗೆ ಯಾರ್ಡಿನ ಪಾಠ ಆಗಿರಬೇಕು. ಈ ಪೀಣ್ಯದಲ್ಲಿ ಆ ಪಾಠ ಯಾರಿಗಾಗಿದೆ? ಇಬ್ಬರಿಗೆ. ಕಲಿಸಿದವರು ಇಲ್ಲಿ ಡಬ್ಬಿಯ ಮುಂದೆ ಕೂತಿದ್ದಾರೆ. ಉಳಿದವನು ಯಮನೂರ.

ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಕುರ್ಚಿ ಸಿಗುವುದು ತಡವಾಗುತ್ತಿದೆಯೆಂದು ಅಸಮಾಧಾನವಿರಬಹುದು. ಪಂಪು ಇನ್ಸ್‌ಪೆಕ್ಷನ್ನಿನಲ್ಲಿ ಸೋತರೆ ಮುದುಕ ತೊಲಗುತ್ತಾನೆ ಎಂದಿರಬಹುದು. ಬೇರೆ ಕಂಪನಿಯವರು ಕಿವಿ ಊದಿರಬಹುದು. ಮೂರು ಕಾರಣಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬುದು ಅವರ ಗಮನಕ್ಕೆ ಬರಲಿಲ್ಲ. ರೊಟ್ಟಿ ಉಂಡ ಮನೆಗೇ ಹೀಗೆ ಮಾಡಿದನಲ್ಲ ಎಂದು ಕಣ್ಣು ತುಂಬಿ ಬಂತು. ಆ ದುಃಖ ನಿಜವಾದದ್ದೇ. ಸುಳ್ಳಿನ ಮೇಲೆ ಕಟ್ಟಿದ ದುಃಖವೂ ಅಷ್ಟೇ ಸುಡುತ್ತದೆ.

ಗುರುವಾರ ಮತ್ತೆ ಗೆರೆ ಸರಿದಿತ್ತು. ಕೊಟ್ರಪ್ಪನವರು ಯಮನೂರನನ್ನು ಪಂಪಿನ ಹತ್ತಿರಕ್ಕೇ ಕರೆದರು. ಉಳಿದವರು ಕೆಲಸ ನಿಲ್ಲಿಸಿ ನೋಡುತ್ತಿದ್ದರು.

"ನೀನ ಅಲ್ಲೇನು?"

"ಏನ್ರಿ ಸರ?"

"ಗೊತ್ತಿಲ್ಲದವನಂಗ ಆಡಬ್ಯಾಡ. ಪಂಪ್ ತಿರುವೋದು ನೀನ ಅಲ್ಲೇನು?"

"ಅಲ್ರಿ ಸರ. ನೀವು ಬ್ಯಾಡ ಅಂದ ಮ್ಯಾಲ ನಾ ಅದನ್ನ ಮುಟ್ಟಿಲ್ರಿ."

"ಈ ಕಾಲು ಸುತ್ತು ನಾ ನಿನಗ ಹೇಳಿಕೊಟ್ಟದ್ದು. ಇನ್ಯಾರಿಗೆ ಬರತೈತಿ?"

ಯಮನೂರ ಬಾಯಿ ತೆರೆದ. ಸುತ್ತ ನಿಂತವರ ಮುಖ ನೋಡಿದ. ತೆರೆದ ಬಾಯಿ ಮುಚ್ಚಿಕೊಂಡ. "ನಾ ಅಂತೂ ಅಲ್ರಿ ಸರ" ಎಂದ, ಅಷ್ಟೇ.

"ಬೇಲೀನ ಎದ್ದು ಹೊಲ ಮೇದರ ಯಾರಿಗೆ ಹೇಳೂದೋ ಯಮನೂರ!" ಎಂದು ಕೊಟ್ರಪ್ಪನವರು ಕೂಗಿದರು. ಗೇಟಿನ ಕಡೆ ಕೈ ತೋರಿಸಿದರು. "ಮನೀಗೆ ಹೋಗು. ಸೋಮವಾರ ಕಳೀಲಿ, ಆಮೇಲೆ ನೋಡೋಣ."

ಯಮನೂರ ಕೈಯೊರೆಸುವ ಬಟ್ಟೆಯನ್ನು ಮಡಿಸಿ ಬೆಂಚಿನ ಮೇಲಿಟ್ಟು ಹೊರಟುಹೋದ. ಹರ್ಷವರ್ಧನ್ ಗಾಜಿನ ಕೋಣೆಯಿಂದಲೇ ಎಲ್ಲವನ್ನೂ ನೋಡಿದ್ದ. "ನಾನು ಮೊದ್ಲೇ ಹೇಳ್ದೆ ಸರ್" ಎಂದ. ಅವನ ಮುಖದಲ್ಲಿ ಸಂತೋಷವಿತ್ತು, ಅದನ್ನು ಮುಚ್ಚಿಡುವ ಶ್ರಮವನ್ನೂ ಅವನು ತೆಗೆದುಕೊಳ್ಳಲಿಲ್ಲ.

ಶುಕ್ರವಾರ ಬೆಳಿಗ್ಗೆ ಕೊಟ್ರಪ್ಪನವರು ನಿರಾಳವಾಗಿ ಶಾಪಿಗೆ ಬಂದು ಪಂಪಿನ ಮುಂದೆ ನಿಂತರು. ಗೆರೆ ಕಾಲು ಸುತ್ತು ಸರಿದಿತ್ತು.

ಬೇರೆ ಯಾರಾದರೂ ಆಗಿದ್ದರೆ ಆಗಲಾದರೂ ಹಣೆ ಚಚ್ಚಿಕೊಳ್ಳುತ್ತಿದ್ದರು, ಅಯ್ಯೋ ನಿರಪರಾಧಿಯನ್ನು ಕಳಿಸಿಬಿಟ್ಟೆ ಎಂದು. ಕೊಟ್ರಪ್ಪನವರು ಹಾಗೆ ಮಾಡಲಿಲ್ಲ. ಹೊರಗಿದ್ದೇ ಮಾಡಿಸುತ್ತಿದ್ದಾನೆ ಎಂದುಕೊಂಡರು. ಒಳಗೆ ಅವನ ಕಡೆಯವನೊಬ್ಬನಿದ್ದಾನೆ, ಅವನಿಗೂ ಕಾಲು ಸುತ್ತಿನ ಪಾಠ ಮಾಡಿಸಿದ್ದಾನೆ, ಎಂಥ ಚಾಣಾಕ್ಷ! ಶನಿವಾರ ಕಪ್ಲಿಂಗ್ ತುಂಬ ಗೆರೆಗಳಾಗಿ ಅದು ಎಳೆ ಮಕ್ಕಳು ಗೀಚಿದ ಗೋಡೆಯಂತಾಯಿತು. ಶನಿವಾರ ಸಂಜೆ ಹೆಂಡತಿ ಫೋನಿನಲ್ಲಿ "ಯಮನೂರನ್ನ ಕರಕೊಂಡ ಬರ್ತೀರಲ್ಲ? ಎಣಗಾಯಿ ಮಾಡೀನಿ" ಎಂದಳು. "ಅವನಿಗೆ ಕೆಲಸ ಐತಿ" ಎಂದು ಫೋನಿಟ್ಟರು.

ಭಾನುವಾರ ಸ್ಕೂಟರನ್ನು ತುಮಕೂರು ರಸ್ತೆಗೆ ಹತ್ತಿಸಿ ಮಾಕಳಿಗೆ ಹೊರಟರು. ಒಳಗಿನವನು ಯಾರೆಂದು ಯಮನೂರನ ಬಾಯಿಂದಲೇ ಹೊರಡಿಸಬೇಕು. ಇಲ್ಲದಿದ್ದರೆ ನಾಳೆ ಇನ್ಸ್‌ಪೆಕ್ಟರುಗಳ ಮುಂದೆ ಬೇರಿಂಗು ಕಿರುಚಿದರೆ ಮೂವತ್ತು ವರ್ಷದ ಹೆಸರು ಮಣ್ಣುಪಾಲು.

ಸಾಲಾಗಿ ಎಂಟೋ ಹತ್ತೋ ರೂಮುಗಳು, ಎದುರಿಗೆ ಒಂದೇ ನಲ್ಲಿ, ಹಗ್ಗದ ತುಂಬ ಕಾರ್ಖಾನೆಯ ನೀಲಿ ಅಂಗಿಗಳು. ಯಮನೂರನ ಬಾಗಿಲು ತೆರೆದಿತ್ತು. ಒಳಗೆ ಕಾಲಿಡಲು ಜಾಗ ಬಿಟ್ಟರೆ ಉಳಿದದ್ದೆಲ್ಲ ನೀಲಾಂಬಿಕಾಳ ಹೊಲಿಗೆ ಯಂತ್ರ, ಅದರ ಸುತ್ತ ಅಕ್ಕಪಕ್ಕದವರ ಬ್ಲೌಸ್ ಬಟ್ಟೆಗಳು. ಹೊಲಿಯುತ್ತಿದ್ದವಳು ಅವರನ್ನು ಕಂಡು ತಲೆಯ ಮೇಲೆ ಸೆರಗೆಳೆದುಕೊಂಡು ಎದ್ದಳು. ತೋಳಿನ ಅರ್ಧ ಹೊಲಿಗೆಯಲ್ಲಿ ಸೂಜಿ ಹಾಗೇ ನಿಂತಿತ್ತು.

"ಬರ್ರಿ ಸಾಹೇಬ್ರ, ಕುಂದರ್ರಿ" ಎಂದು ಯಂತ್ರದ ಪಕ್ಕದ ಕುರ್ಚಿಯ ಮೇಲಿನ ಬಟ್ಟೆ ಎತ್ತಿ ಜಾಗ ಮಾಡಿ, ಚಹಾ ಇಡಲು ಒಳಗಿನ ಮೂಲೆಗೆ ಹೋದಳು. ಯಮನೂರ ಗೋಡೆಗೊರಗಿ ನಿಂತ.

"ಒಳಗ ನಿನ್ನ ಕಡೆಯವ ಯಾರು?" ಕೊಟ್ರಪ್ಪನವರು ಪೀಠಿಕೆ ಹಾಕಲಿಲ್ಲ.

"ನನ್ನ ಕಡೆಯವ್ರ? ಯಾರೂ ಇಲ್ರಿ ಸರ."

"ನೀ ಇಲ್ಲದಾಗೂ ಪಂಪ್ ತಿರುಗೇತಿ. ಶುಕ್ರವಾರನೂ, ನಿನ್ನಿನೂ. ಹ್ಯಾಂಗ?"

ಯಮನೂರನ ತುಟಿಯಂಚಿನಲ್ಲಿ ನಗೆಯೋ ನೋವೋ ಏನೋ ಒಂದು ಬಂದು ಹೋಯಿತು. ಕೊಟ್ರಪ್ಪನವರಿಗೆ ಅದು ಧಿಮಾಕಿನಂತೆ ಕಂಡಿತು.

"ನಾ ನಿನ್ನ ಮಗನ ಹಂಗ ನೋಡೀನಿ. ಈಗ ಹೆಸರು ಹೇಳು, ಎಲ್ಲಾ ಇಲ್ಲಿಗೇ ಮುಗಿಸ್ತೀನಿ. ಹೇಳದಿದ್ರ ಪೊಲೀಸರಿಗೆ ಕೊಡೂದೂ ನನಗ ಗೊತ್ತೈತಿ."

ಒಳಗೆ ಚಹಾ ಸೋಸುತ್ತಿದ್ದ ಸದ್ದು ನಿಂತುಹೋಯಿತು. ಅಷ್ಟರಲ್ಲಿ ಕೊಟ್ರಪ್ಪನವರ ಫೋನು ಹೊಡೆದುಕೊಂಡಿತು. ಹೆಂಡತಿ. ರವಿವಾರವೂ ಎಲ್ಲಿಗೆ ಹೋದಿರಿ, ಬರುವಾಗ ಕೊತ್ತಂಬರಿ ತನ್ನಿ, ನಿನ್ನೆಯೂ ಮರೆತಿರಿ. "ಹೂಂ, ತರ್ತೀನಿ. ಇಲ್ಲೇ ಮಾಕಳ್ಯಾಗ ಅದೀನಿ. ಎರಡು ಕಟ್ಟ? ಹೂಂ, ಹೊಂಟೆ" ಎನ್ನುತ್ತ ಕುರ್ಚಿಯಿಂದ ಎದ್ದರು.

"ಅಯ್ಯ! ಯಾಕ್ರೀ ಅದನ್ನ ತಿರುವಿದ್ರಿ?"

ಚಹಾದ ಲೋಟ ಹಿಡಿದು ಮೂಲೆಯಿಂದ ಬಂದ ನೀಲಾಂಬಿಕಾ ಅಲ್ಲೇ ನಿಂತಿದ್ದಳು. "ಹಿಂದಕ್ಕ ತಿರುವಿದ್ರಿ ನೋಡ್ರಿ, ದಾರ ಹರೀತು. ಪೂರಾ ಗಂಟು ಬಿತ್ತು!"

"ಏನು? ನಾ ಏನೂ ಮುಟ್ಟಿಲ್ಲ" ಎಂದರು ಕೊಟ್ರಪ್ಪನವರು.

ಅವರು ಸುಳ್ಳು ಹೇಳುತ್ತಿರಲಿಲ್ಲ. ನಾಳೆ ಯಾವ ಕೋರ್ಟಿನಲ್ಲಿ ನಿಲ್ಲಿಸಿದರೂ ಅಷ್ಟೇ ನೇರವಾಗಿ ಹೇಳುತ್ತಿದ್ದರು, ನಾ ಮುಟ್ಟಿಲ್ಲ ಎಂದು. ನೀಲಾಂಬಿಕಾ ಹೊಲಿಗೆ ಯಂತ್ರದ ಕಡೆ ನೋಡಿದಳು. ಅವಳ ನೋಟ ಹಿಡಿದು ಕೊಟ್ರಪ್ಪನವರೂ ನೋಡಿದರು. ಯಂತ್ರದ ಬಲಬದಿಯ ಚಕ್ರದ ಮೇಲೆ ಒಂದು ಕೈ ಇತ್ತು. ಹೆಬ್ಬೆರಳ ಬಳಿ ಹಳೆಯ ಸುಟ್ಟ ಗಾಯ, ಮುಂಗೈ ಮೇಲೆ ನರೆತ ಕೂದಲು. ಅವರದೇ ಕೈ. ಫೋನು ಹಿಡಿದ ಎಡಗೈ ಕಿವಿಯ ಹತ್ತಿರವೇ ಇತ್ತು, ಅದರೊಳಗೆ ಹೆಂಡತಿ ಇನ್ನೂ ಏನೋ ಹೇಳುತ್ತಿದ್ದಳು.

ನಿಂತ ಯಂತ್ರ ಕಂಡರೆ ಒಂದೂಕಾಲು ಸುತ್ತು. ಗುಡಿಯ ಮುಂದೆ ಹಾದಾಗ ಕೈ ತಾನಾಗಿ ಎದೆಗೆ ಹೋಗುತ್ತದಲ್ಲ, ಹಾಗೆ. ಮೂವತ್ತು ವರ್ಷ ಆ ಕೈ ತನ್ನ ಕೆಲಸ ತಾನು ಮಾಡುತ್ತ ಬಂದಿತ್ತು, ಯಜಮಾನನ ಅಪ್ಪಣೆ ಕೇಳುವುದನ್ನು ಎಂದೋ ಬಿಟ್ಟಿತ್ತು.

ಅವರು ಕೈಯನ್ನು ನಿಧಾನವಾಗಿ ಹಿಂದಕ್ಕೆ ತೆಗೆದುಕೊಂಡರು. ಬೆರಳಿಗೆ ಯಂತ್ರದ ಎಣ್ಣೆ ಹತ್ತಿತ್ತು. ಕುರ್ಚಿಯ ಮೇಲೆ ಮತ್ತೆ ಕೂತರು. ಫೋನು ಕಡಿದು ಕೇಳಿದರು. "ನಿನಗ ಗೊತ್ತಿತ್ತೇನೋ?"

"ಹೂಂನ್ರಿ."

"ಯಾವಾಗಿಂದ?"

"ಮೊದಲಿಂದ್ರಿ ಸರ. ದಿನಾ ಸಂಜಿ ಮನ್ಯಾಗಿನ ಅಕ್ಕಾರ ಫೋನ್ ಬಂದಾಗ ತಿರುವ್ತಿದ್ರಿ. ಎಲ್ಲಾರೂ ನೋಡ್ಯಾರ. ಮೊದಲ ನಾವೆಲ್ಲ ತಿಳಕೊಂಡಿದ್ವಿ, ಮಂದಿಗೆ ಬ್ಯಾಡ ಅಂದು ತಾವ ಸ್ವಂತ ಮಾಡಾಕತ್ತಾರ ಅಂತ. ಆಮ್ಯಾಲ ನೀವು ಬೈಯಾಕ ಶುರು ಮಾಡಿದ್ರಿ. ಪರೀಕ್ಷಾ ಮಾಡಾಕತ್ತಾರೇನೋ ಅಂತ ಅಂದ್ರು ಕೆಲವ್ರು."

"ನೀ ಹೇಳಬಾರದಿತ್ತೇನೋ? ನನ್ನ ಮುಂದ ಒಂದು ಮಾತು ಹೇಳಬಾರದಿತ್ತೇನು?"

ಯಮನೂರ ಗೋಡೆ ಬಿಟ್ಟು ಎದುರಿಗೆ ಬಂದು ನೆಲದ ಮೇಲೆ ಕೂತ. ಅವನ ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಕೊಟ್ರಪ್ಪನವರಿಗೆ ಎಷ್ಟೋ ಸುಲಭವಾಗುತ್ತಿತ್ತು.

"ಯಾರು ಅಂತ ಕೇಳಿದ್ರ ಹೇಳ್ತಿದ್ದೆ. ನೀವು ಬಂದು ನೀನ ಅಂದ್ರಿ. ಆಗ ನಾ ನೀವ್ರಿ ಸರ ಅಂದಿದ್ರ ನಂಬ್ತಿದ್ರಿ? ಕಳ್ಳತನಾ ಮಾಡಿ ಗುರುವಿನ ಮ್ಯಾಲ ಹಾಕ್ದ ಅಂತಿದ್ರಿ. ಅಷ್ಟು ಮಂದಿ ಮುಂದ ನಿಮ್ಮ ಮಾರಿ ಸಣ್ಣದಾಗೂದೂ ನನಗ ಬ್ಯಾಡಾಗಿತ್ತು."

ನೀಲಾಂಬಿಕಾ ಗಂಟು ಬಿದ್ದ ದಾರವನ್ನು ಕತ್ತರಿಯ ತುದಿಯಿಂದ ಬಿಡಿಸುತ್ತ, ತಲೆಯೆತ್ತದೆ ಹೇಳಿದಳು. "ಮೂರು ದಿನ ಆತ್ರಿ, ಒಂದು ಹೊತ್ತು ನೆಟ್ಟಗ ಉಂಡಿಲ್ಲ ಅವ್ರು. ನಾ ಏನು ಕಡಿಮಿ ಮಾಡೀನಿ ಸರ್‌ಗೆ ಅಂತ ನನ್ನ ಕೇಳ್ತಾರ. ನನಗೇನು ಗೊತ್ರಿ?"

ಕೊಟ್ರಪ್ಪನವರು ಕುರ್ಚಿಯಿಂದ ಎದ್ದರು. "ನಾಳೆ ಬಾ. ಎಲ್ಲಾರ ಮುಂದ ನಾನ ಹೇಳ್ತೀನಿ. ಹರ್ಷವರ್ಧನ್‌ಗೂ ಹೇಳ್ತೀನಿ. ಆ ಕುರ್ಚಿ ನಿಂದ" ಎಂದರು.

"ನಾಳಿ ಬರ್ತೀನ್ರಿ. ಬೇರಿಂಗ್ ಕೂಡಿಸಿದವ ನಾನು, ಅದು ಓಡೂ ಮುಂದ ನಾ ಇರಬೇಕು." ಯಮನೂರ ಎದ್ದು ನಿಂತ. "ಆದ್ರ ಕುರ್ಚಿ ಬ್ಯಾಡ್ರಿ. ನೆಲಮಂಗಲದಾಗ ಒಂದು ಕಂಪನ್ಯಾಗ ಮಾತಾಡಿ ಬಂದೀನಿ. ಹೂಂ ಅಂದೀನಿ."

"ಯಾಕೋ? ನಾ ತಪ್ಪಾತು ಅಂತ ಹೇಳಾಕತ್ತೀನಲ್ಲೋ!"

"ನೀವ ಕಲಿಸಿದ್ರಿ ಸರ, ಬಿಚ್ಚಿ ನೋಡದ ಯಂತ್ರ ಕೆಟ್ಟೈತಿ ಅನ್ನಬ್ಯಾಡ ಅಂತ. ಕಬ್ಬಿಣಕ್ಕ ಅಷ್ಟು ಕಾಳಜಿ ಮಾಡೂರು, ನನ್ನ ಒಂದು ಮಾತು ಕೇಳಿ ನೋಡ್ಲಿಲ್ಲ. ನಾಳೆ ಮತ್ತೊಂದು ಏನಾರ ಆದ್ರ ನೀವು ಮೊದಲ ನನ್ನ ಮಾರಿ ನೋಡ್ತೀರಿ. ಆ ಹೆದರಿಕಿ ಇಟಗೊಂಡು ಯಂತ್ರಕ್ಕ ಕೈ ಹಾಕಾಕ ಬರೂದಿಲ್ರಿ."

ಸೋಮವಾರ ಬಂತು. ಬಿಳಿ ಅಂಗಿಯ ಇಬ್ಬರು ಇನ್ಸ್‌ಪೆಕ್ಟರುಗಳು ಪಂಪಿನ ಮುಂದೆ ನಿಂತು, ಗೀಚುಗೀಚಾದ ಕಪ್ಲಿಂಗನ್ನು ಕಂಡು ಹುಬ್ಬು ಗಂಟಿಕ್ಕಿದರು. ಕೊಟ್ರಪ್ಪನವರು ಶಾಪಿನವರನ್ನೆಲ್ಲ ಕರೆದು, ಅಳತೆಯಾದ ಮೇಲೆ ಇದನ್ನು ದಿನಾ ತಿರುಗಿಸಿದವನು ನಾನೇ, ನನಗೇ ತಿಳಿಯದೆ ತಿರುಗಿಸಿದ್ದೇನೆ, ಯಮನೂರನ ತಪ್ಪು ಏನೂ ಇಲ್ಲ, ಎಲ್ಲ ಅಳತೆಗಳನ್ನೂ ಮತ್ತೆ ಮಾಡೋಣ ಎಂದರು. ಗಾಜಿನ ಕೋಣೆಯಿಂದ ಹೊರಗೆ ಬಂದ ಹರ್ಷವರ್ಧನ್ ಮಾತ್ರ ಕಣ್ಣರಳಿಸಿದ. ಉಳಿದ ಯಾರಿಗೂ ಆಶ್ಚರ್ಯವಾಗಲಿಲ್ಲ. ಅದು ಕೊಟ್ರಪ್ಪನವರನ್ನು ಎಲ್ಲಕ್ಕಿಂತ ಹೆಚ್ಚಾಗಿ ಕುಗ್ಗಿಸಿತು.

"ನಾನ್ ಅವತ್ತೇ ಏಳಿದ್ನಲ್ಲ ಸಾ" ಎಂದ ನಲ್ಲಪ್ಪ, ನಿಜವಾಗಿಯೂ ನೊಂದುಕೊಂಡು. "ನಿಮ್ಮನ್ನ ಬಿಟ್ರೆ ಯಾರೂ ಬಂದಿಲ್ಲ ಅಂತ."

ಅಳತೆಗಳೆಲ್ಲ ಕೂದಲೆಳೆಯಷ್ಟೂ ತಪ್ಪಿರಲಿಲ್ಲ. ಯಮನೂರ ಸ್ವಿಚ್ಚು ಒತ್ತಿದ. ಪಂಪು ಎದ್ದು ಓಡಿತು. ಬೇರಿಂಗಿನ ಮೇಲೆ ಕೈಯಿಟ್ಟು ನೋಡಿದ ಇನ್ಸ್‌ಪೆಕ್ಟರೊಬ್ಬರು, ಇದನ್ನು ಕೂಡಿಸಿದವರು ಯಾರು ಎಂದು ಕೇಳಿದರು. "ಇವನು" ಎಂದು ಕೊಟ್ರಪ್ಪನವರು ತೋರಿಸಿದರು. ಇನ್ಸ್‌ಪೆಕ್ಟರು ಯಮನೂರನ ಕೈ ಕುಲುಕಿದರು. ಹರ್ಷವರ್ಧನನೂ ಕುಲುಕಿ, "ಯಮನೂರ, ಆ ಪೊಸಿಷನ್ ಬಗ್ಗೆ ಮಾತಾಡೋಣ" ಎಂದ. ಯಮನೂರ ನಕ್ಕು, "ಬ್ಯಾಡ್ರಿ ಸರ" ಎಂದ. ಹೋಗುವಾಗ ಕೊಟ್ರಪ್ಪನವರ ಕಾಲು ಮುಟ್ಟಿ ನಮಸ್ಕರಿಸಿದ. ಬೆಂಚಿನ ಮೇಲೆ ಗುರುವಾರ ಮಡಿಸಿಟ್ಟಿದ್ದ ಬಟ್ಟೆ ಅಲ್ಲೇ ಇತ್ತು. ಅದನ್ನು ತೆಗೆದುಕೊಂಡು ಗೇಟು ದಾಟಿದ.

ಆ ಸಂಜೆ ಕೊಟ್ರಪ್ಪನವರು ಕೊನೆಯ ಸುತ್ತಿಗೆ ಹೊರಟಾಗ ಎಂದಿನ ಹೊತ್ತಿಗೇ ಫೋನು ಬಂತು. ಬಲಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು, ಎಡಗೈಯಲ್ಲಿ ಫೋನು ಹಿಡಿದರು.

"ಕೊತ್ತಂಬ್ರಿ ನಿನ್ನಿನೂ ತರಲಿಲ್ಲ, ಇವತ್ತರೆ ತರ್ರಿ" ಎಂದಳು ಹೆಂಡತಿ. "ಮತ್ತ ಈ ಶನಿವಾರ ಯಮನೂರನ್ನ ಬಿಡಬ್ಯಾಡ್ರಿ. ಅವನ ಹೇಣ್ತಿನೂ ಬರಲಿ, ಹೋಳಿಗಿ ಮಾಡ್ತೀನಿ."

"ಅವ ಬರೂದಿಲ್ಲ."

"ಯಾಕ? ಏನ್ ಮಾಡ್ದ ಅವ?"

ಪಂಪು ಮರದ ಪೆಟ್ಟಿಗೆಯೊಳಗೆ ಸೇರಿ ಲಾರಿಗಾಗಿ ಕಾಯುತ್ತಿತ್ತು. ಕೊಟ್ರಪ್ಪನವರು ಅದರ ಮುಂದೆ ನಿಂತು, ಜೇಬಿನೊಳಗಿನ ಕೈಯನ್ನು ಬಿಗಿಯಾಗಿ ಮುಷ್ಟಿ ಮಾಡಿ ಹಿಡಿದುಕೊಂಡಿದ್ದರು.

"ಅವ ಏನೂ ಮಾಡಲಿಲ್ಲ" ಎಂದರು. "ಮಾಡಿದವ ನಾನು."